ನಿತ್ಯ ಓಡಿಸುವ ಪೋಲೋ ಜಿಟಿಗೆ ಸಸ್ಪೆನ್ಷನ್ ಮತ್ತು ಟೈರು: ಯಾವುದನ್ನು ಮೊದಲು ಬದಲಿಸಬೇಕು?

ಕುಂದಾನಗರಿ ಜಿಟಿ (ಟಿಳಕವಾಡಿ, ಬೆಳಗಾವಿ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2019ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಇದೆ. ಇದನ್ನು ಸ್ಪೋರ್ಟ್ಸ್ ಕಾರು ಎನ್ನಲು ಒಪ್ಪದವರು ಇಲ್ಲಿ ಇರಬಹುದು, ಆದರೆ ನಮ್ಮ ಭಾಗದ ರಸ್ತೆಗಳಲ್ಲಿ 105 ಪಿಎಸ್ ಶಕ್ತಿಯನ್ನು ಪೂರ್ತಿಯಾಗಿ ಬಳಸುವ ಅವಕಾಶವೇ ಅಪರೂಪ. ಪ್ರತಿದಿನ ಉದ್ಯಮಬಾಗದ ಕಾರ್ಖಾನೆಗೆ ಹೋಗಿಬರುವುದು, ಕೆಲಸದ ನಿಮಿತ್ತ ವಂಟಮೂರಿ ಘಾಟ್ ದಾಟಿ ಕೊಲ್ಹಾಪುರಕ್ಕೆ ಹೋಗುವುದು, ಬಿಡುವಾದಾಗ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟ್ ಇಳಿದು ಗೋವಾ ಸೇರುವುದು, ಇವು ಇದರ ಓಡಾಟ. ಹಿಂದಿನ ಸೀಟಿನಲ್ಲಿ ಅಪ್ಪ, ಅವ್ವ ಕೂರುತ್ತಾರೆ. ಅವ್ವನಿಗೆ ಸೊಂಟನೋವು ಇದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾರು 70,000 ಕಿ.ಮೀ. ದಾಟಿದೆ. ಹೆದ್ದಾರಿಯಲ್ಲಿ ಸೇತುವೆಯ ಜೋಡಣೆ ಅಥವಾ ಸಣ್ಣ ಏರಿಳಿತವನ್ನು ದಾಟಿದ ಮೇಲೆ ಮೂತಿ ಮತ್ತೆ ಮತ್ತೆ ಮೇಲೆ ಕೆಳಗೆ ಆಡುತ್ತದೆ. ಕಾರಿನೊಂದಿಗೆ ಬಂದ 195/55 ಆರ್16 (195 ಮಿ.ಮೀ. ಅಗಲ, ಅದರ ಶೇ 55ರಷ್ಟು ಪಕ್ಕೆಯ ಎತ್ತರ, 16 ಇಂಚಿನ ಚಕ್ರ) ಟೈರುಗಳೇ ಇನ್ನೂ ಇವೆ; ಮಳೆಯಲ್ಲಿ ಚೋರ್ಲಾದ ತಿರುವುಗಳಲ್ಲಿ ಮುಂದಿನ ಚಕ್ರಗಳು ಜಾರುವುದು ಸ್ಪಷ್ಟವಾಗಿ ತಿಳಿಯುತ್ತದೆ. ಒಂದೂವರೆ ಲಕ್ಷದೊಳಗೆ ಕಾಯಿಲ್‌ಓವರ್ (ಎತ್ತರ ಹೊಂದಿಸಲು ಬರುವ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ಹಾಕಿಸಲೇ, ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಸಾಕೇ, 17 ಇಂಚಿನ ಅಲಾಯ್ ಬೇಕೇ ಎಂಬುದು ನಿರ್ಧಾರವಾಗುತ್ತಿಲ್ಲ. ಸ್ನೇಹಿತರು ಮಿಷೆಲಿನ್ ಪೈಲಟ್ ಸ್ಪೋರ್ಟ್ 4 ಟೈರನ್ನು 205/55 ಆರ್16 ಅಳತೆಯಲ್ಲಿ ಹಾಕಿಸು ಎನ್ನುತ್ತಿದ್ದಾರೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಲೋಯರ್ ಆರ್ಮ್ (ಅನಗೋಳ, ಬೆಳಗಾವಿ) ಅವರ ಉತ್ತರ:

ಸರ್, ನೀವು ಹೇಳಿದ ಲಕ್ಷಣಗಳಲ್ಲಿ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಡಗಿದೆ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗು ಒಮ್ಮೆ ಕುಗ್ಗಿ ಹಿಗ್ಗಿದ ಮೇಲೆ ಅದರ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ವಾಲ್ವ್‌ಗಳ ಮೂಲಕ ನುಸುಳುವಾಗ ಚಲನೆಯು ಶಾಖವಾಗಿ ಕರಗುತ್ತದೆ. ಮೂತಿ ಒಂದು ಸಲ ಎದ್ದು ಸುಮ್ಮನಾಗದೆ ಮತ್ತೆ ಆಡುತ್ತಿದೆ ಎಂದರೆ ಸ್ಪ್ರಿಂಗಿಗೆ ಏನೂ ಆಗಿಲ್ಲ, ಶಾಕ್ ಅಬ್ಸಾರ್ಬರ್ ಸೋತಿದೆ. ನಮ್ಮ ತಗ್ಗು ಗುಂಡಿಗಳಲ್ಲಿ 70,000 ಕಿ.ಮೀ. ಓಡಿದ ಕಾರಿಗೆ ಇದು ಸಹಜವಾದ ಸ್ಥಿತಿ. ಈ ಸ್ಥಿತಿಯಲ್ಲಿ ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡು ಗಿಡ್ಡ, ಗಟ್ಟಿ ಸ್ಪ್ರಿಂಗ್ ಮಾತ್ರ ಹಾಕಿಸಿದರೆ ಸೋತ ಭಾಗಕ್ಕೆ ಇನ್ನಷ್ಟು ಕೆಲಸ ಹೊರಿಸಿದಂತಾಗುತ್ತದೆ, ಮತ್ತು ನೀವು ದೂರುತ್ತಿರುವ ಕುಣಿತ ಹೆಚ್ಚೇ ಆಗುತ್ತದೆ.

ಎತ್ತರ ತಗ್ಗಿಸುವುದರ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಈ ಊರಿನಲ್ಲಿ ದಿನನಿತ್ಯ ಓಡುವ, ಹಿರಿಯರು ಕೂರುವ ಕಾರಿಗೆ ಅದು ಬೇಡ. ಸಾಮಾನ್ಯವಾಗಿ ಎಲ್ಲರೂ ತಳ ಬಡಿಯುತ್ತದೆಯೇ ಎಂದಷ್ಟೇ ಯೋಚಿಸುತ್ತಾರೆ. ನಿಜವಾದ ನಷ್ಟ ಚಕ್ರಕ್ಕೆ ಮೇಲೇರಲು ಇರುವ ಜಾಗದಲ್ಲಿ ಆಗುತ್ತದೆ. 30 ಮಿ.ಮೀ. ತಗ್ಗಿಸಿದರೆ ಆ ಜಾಗದಿಂದಲೇ 30 ಮಿ.ಮೀ. ಹೋಗುತ್ತದೆ, ತುಂಬಿದ ಕಾರು ತಗ್ಗಿಗೆ ಇಳಿದಾಗ ಬಂಪ್ ಸ್ಟಾಪ್ (ಚಕ್ರದ ಮೇಲೇರಿಕೆಯನ್ನು ಕೊನೆಯಲ್ಲಿ ತಡೆಯುವ ರಬ್ಬರು ತುಂಡು) ಮೇಲೆ ಕೂತುಬಿಡುತ್ತದೆ, ಆ ಕ್ಷಣದಲ್ಲಿ ನಿಮ್ಮ ತಾಯಿಯವರ ಸೊಂಟಕ್ಕೂ ರಸ್ತೆಗೂ ನಡುವೆ ಸ್ಪ್ರಿಂಗ್ ಎಂಬುದು ಇದ್ದೂ ಇಲ್ಲದಂತಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆಯ ಉಬ್ಬು 3.7 ಮೀಟರ್ ಅಗಲ ಮತ್ತು 10 ಸೆಂ.ಮೀ. ಎತ್ತರವಿದ್ದು, 25 ಕಿ.ಮೀ. ವೇಗದಲ್ಲಿ ದಾಟಲು ಬರುವಂತಿರಬೇಕು. ನಮ್ಮ ಗಲ್ಲಿಗಳಲ್ಲಿ ನಿವಾಸಿಗಳು ತಾವೇ ಸಿಮೆಂಟ್ ಸುರಿದು ಕಟ್ಟಿದ ಹಂಪ್ಸ್‌ಗಳಿಗೂ ಈ ಅಳತೆಗೂ ಸಂಬಂಧವೇ ಇಲ್ಲವೆಂಬುದು ನಿಮಗೂ ಗೊತ್ತಿದೆ.

ಇನ್ನೊಂದು ಸೂಕ್ಷ್ಮವಿದೆ. ಪೋಲೋದ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ವ್ಯವಸ್ಥೆ. ಕಾರನ್ನು ತಗ್ಗಿಸಿದಾಗ ಗುರುತ್ವ ಕೇಂದ್ರ ಎಷ್ಟು ಇಳಿಯುತ್ತದೆಯೋ, ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳಿನ) ಕೋನ ಬದಲಾಗುವುದರಿಂದ ರೋಲ್ ಸೆಂಟರ್ (ತಿರುವಿನಲ್ಲಿ ಕಾರಿನ ಮೈ ವಾಲುವ ಕೇಂದ್ರಬಿಂದು) ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹೀಗಾಗಿ ತಿರುವಿನಲ್ಲಿ ಕಾರು ವಾಲುವ ಪ್ರವೃತ್ತಿ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಗಟ್ಟಿ ಸ್ಪ್ರಿಂಗು ಅದನ್ನು ಅಡಗಿಸಿಡುತ್ತದೆ, ಅಷ್ಟೇ. ಜೊತೆಗೆ, ಭಾರತಕ್ಕೆಂದು ಪೋಲೋವನ್ನು ಯುರೋಪಿನದಕ್ಕಿಂತ ಎತ್ತರಿಸಿ ಮಾರಲಾಗಿದೆ. ಯುರೋಪಿನ ಕಾರಿಗೆ ಮಾಡಿದ ಸ್ಪ್ರಿಂಗಿನ ಪೆಟ್ಟಿಗೆಯ ಮೇಲೆ 25 ಅಥವಾ 30 ಮಿ.ಮೀ. ಎಂದು ಬರೆದಿದ್ದರೆ ಅದು ಅಲ್ಲಿಯ ಎತ್ತರದಿಂದ ಎಣಿಸಿದ ಲೆಕ್ಕ; ಇಲ್ಲಿ ಕಾರು ಅದಕ್ಕಿಂತ ಹೆಚ್ಚು ಕೆಳಗೆ ಕೂರುತ್ತದೆ.

ಕಾಯಿಲ್‌ಓವರ್ ಉತ್ತಮ ವಸ್ತುವೇ. ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಿಸಬಹುದು, ವೇರಿಯಂಟ್ 3ರಲ್ಲಿ ಶಾಕ್ ಅಬ್ಸಾರ್ಬರ್ ಕುಗ್ಗುವ ಮತ್ತು ಹಿಗ್ಗುವ ಬಿಗಿಯನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಆದರೆ ಆ ಹೊಂದಾಣಿಕೆಯನ್ನು ಯಾರು, ಎಲ್ಲಿ, ಯಾವ ರಸ್ತೆಗಾಗಿ ಮಾಡುತ್ತಾರೆ? ಮಳೆಗಾಲದ ಕೆಂಪು ರಾಡಿ ಒಣಗಿ ಎತ್ತರ ಹೊಂದಿಸುವ ಥ್ರೆಡ್ಡಿನ ಸಂದುಗಳಲ್ಲಿ ಕೂತ ಮೇಲೆ ಅದನ್ನು ತಿರುಗಿಸುವುದೇ ಒಂದು ಸಾಹಸ. ನಿಮಗೆ ಬೇಕಾಗಿರುವುದು ಮೂಲ ಎತ್ತರವನ್ನೇ ಉಳಿಸುವ ಗುಣಮಟ್ಟದ ಶಾಕ್ ಅಬ್ಸಾರ್ಬರ್. ಬಿಲ್‌ಸ್ಟೀನ್ ಕಂಪನಿಯಲ್ಲಿ ಬಿ4 ಎಂಬುದು ಮೂಲದಂತೆಯೇ ಇರುವ ಬದಲಿ, ಬಿ6 ಎಂಬುದು ಮೂಲ ಸ್ಪ್ರಿಂಗಿನೊಂದಿಗೆ ಬಳಸುವ ಹೆಚ್ಚು ಬಿಗಿಯಾದದ್ದು, ಬಿ8 ಎಂಬುದು ತಗ್ಗಿಸಿದ ಕಾರಿಗಾಗಿ ಗಿಡ್ಡ ಮಾಡಿದ್ದು. ಚಾಲನೆಯ ಚುರುಕು ಮುಖ್ಯವಾದರೆ ಬಿ6. ಕೋನಿ ಕಂಪನಿಯ ಸ್ಪೆಷಲ್ ಆಕ್ಟಿವ್ ಮಾದರಿ ರಸ್ತೆಯ ಸಣ್ಣ, ವೇಗದ ಕಂಪನಕ್ಕೆ ಮೃದುವಾಗಿ, ಕಾರಿನ ಮೈಯ ನಿಧಾನ ಓಲಾಟಕ್ಕೆ ಬಿಗಿಯಾಗಿ ವರ್ತಿಸುವಂತೆ ರೂಪಿಸಿದ್ದು. ಹಿಂದೆ ಹಿರಿಯರು ಕೂರುವುದಾದರೆ ನಾನು ಮೊದಲು ಅದನ್ನೇ ವಿಚಾರಿಸುತ್ತೇನೆ. ಯಾವುದನ್ನೇ ತರಿಸುವ ಮೊದಲು ನಿಮ್ಮ ಕಾರಿನ ಮೂಲ ಭಾಗದ ಸಂಖ್ಯೆಯನ್ನೂ ಸ್ಟ್ರಟ್ಟಿನ ವ್ಯಾಸವನ್ನೂ ತಾಳೆ ನೋಡಿಸಿರಿ.

ಕಬ್ಬಿನ ಸೀಸನ್ (ಜಮಖಂಡಿ) ಅವರ ಉತ್ತರ:

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಪೂರ್ತಿ ಅಲ್ಲ. ಹೆದ್ದಾರಿಯಲ್ಲೇ ಹೆಚ್ಚು ಓಡಾಡುವ, ಹಿಂದಿನ ಸೀಟು ಖಾಲಿ ಇರುವ ಕಾರಿಗೆ ಮಿತವಾಗಿ ತಗ್ಗಿಸುವ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್ ಒಟ್ಟಿಗೆ ಹಾಕಿಸಿದರೆ ಸ್ಟೀರಿಂಗ್ ತಿರುಗಿಸಿದೊಡನೆ ಕಾರು ಸ್ಪಂದಿಸುವ ರೀತಿಯೇ ಬೇರೆ, ಅದನ್ನು ಬರಿಯ ಶೋಕಿ ಎಂದು ತಳ್ಳಿಹಾಕಬಾರದು. ಆದರೆ ಆ ಜೋಡಿ ನಮ್ಮ ಜಮಖಂಡಿ, ಮುಧೋಳ ರಸ್ತೆಗಳಿಗೆ ಹೇಳಿದ್ದಲ್ಲ. ಎರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಡಾಂಬರು ತಾನಾಗಿಯೇ ಅಲೆಯಲೆಯಾಗುತ್ತದೆ. ಅದರ ಮೇಲೆ ಕಾರ್ಖಾನೆ ಶುರುವಾದ ಕೂಡಲೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ರಾತ್ರಿ ಎದುರಿನ ಬೆಳಕಿನಲ್ಲಿ ಬಿದ್ದ ಕಬ್ಬಿನ ಹೊರೆ ಕಾಣಿಸದೆ ಅದರ ಮೇಲೆ ಹಾಯುವ ಪ್ರಸಂಗಕ್ಕೆ ಎತ್ತರವೇ ಕಾಪಾಡುತ್ತದೆ.

17 ಇಂಚಿನ ಅಲಾಯ್ ಮಾತ್ರ ಖಂಡಿತ ಬೇಡ. 195/55 ಆರ್16 ಟೈರಿನ ಪಕ್ಕೆ ಸುಮಾರು 107 ಮಿ.ಮೀ. ಎತ್ತರವಿದೆ, 205/45 ಆರ್17 ಹಾಕಿದರೆ ಅದು 92 ಮಿ.ಮೀ.ಗೆ ಇಳಿಯುತ್ತದೆ. ಅಂಚು ಹರಿತವಾದ ಒಂದು ತಗ್ಗು ಸಾಕು, ಪಕ್ಕೆಯೊಳಗಿನ ದಾರ ಹರಿದು ಹೊರಗೆ ಬುಗುಟೆಯಂತೆ ಉಬ್ಬು ಏಳುತ್ತದೆ. ಅಂಥ ಟೈರನ್ನು ಪಂಕ್ಚರ್ ಅಂಗಡಿಯವರು ತೇಪೆ ಹಾಕಿ ಕೊಡುತ್ತೇನೆಂದರೂ ಮತ್ತೆ ಬಳಸಬಾರದು.

ಗುಮ್ಮಟದೂರು (ವಿಜಯಪುರ) ಅವರ ಉತ್ತರ:

ಟೈರಿನ ವಿಷಯವನ್ನು ಎಲ್ಲರೂ ಕೊನೆಗೆ ಇಟ್ಟಿದ್ದಾರೆ. ನಾನಾದರೆ ಅದನ್ನೇ ಮೊದಲು ಮಾಡಿಸುತ್ತೇನೆ. ರಸ್ತೆಯನ್ನು ಮುಟ್ಟುವುದು ಟೈರು ಮಾತ್ರ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ನೋಡಿರಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಷ್ಟು ಹಳೆಯ ರಬ್ಬರು, ಅದರಲ್ಲೂ ಬಿಸಿಲಿನಲ್ಲಿ ನಿಂತದ್ದು, ಗಟ್ಟಿಯಾಗಿರುತ್ತದೆ. ಟೈರಿನ ಮೇಲ್ಮೈಯ ಗುಳಿಗಳಲ್ಲಿ ಆಳ ಉಳಿದಿದ್ದರೂ ಒದ್ದೆ ಡಾಂಬರಿನ ಸಣ್ಣ ಒರಟುತನವನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಕಾನೂನಿನ ಪ್ರಕಾರ ಕನಿಷ್ಠ ಆಳ 1.6 ಮಿ.ಮೀ., ಆದರೆ ಕಣಕುಂಬಿಯ ಕಡೆಯ ಮಳೆಯಲ್ಲಿ ಓಡಾಡುವವರು 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ವಿವೇಕ, ಏಕೆಂದರೆ ನೀರನ್ನು ಹೊರಚೆಲ್ಲುವುದು ಆ ಗುಳಿಗಳೇ.

205/55 ಆರ್16ರ ಲೆಕ್ಕ ಹೀಗಿದೆ. ನಿಮ್ಮ ಈಗಿನ ಟೈರಿನ ಹೊರವ್ಯಾಸ ಸುಮಾರು 621 ಮಿ.ಮೀ., ಅದರದ್ದು 632 ಮಿ.ಮೀ. ಅಂದರೆ ಶೇ 1.8ರಷ್ಟು ದೊಡ್ಡದು. ಕಾರು ಐದೂವರೆ ಮಿ.ಮೀ. ಮೇಲೇಳುತ್ತದೆ, ಓಡಿದ ದೂರವನ್ನು ಮೀಟರು ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ, ಗೇರು ತುಸು ಉದ್ದವಾದಂತೆ ಅನಿಸುತ್ತದೆ. ಮೂಲ ಎತ್ತರದಲ್ಲಿ ಇದು ಹೊಂದುತ್ತದೆ. ಕಾರನ್ನು ತಗ್ಗಿಸಿ ಇದನ್ನು ಹಾಕಿದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜುವ ಸಾಧ್ಯತೆಯಿದೆ. ಪೈಲಟ್ ಸ್ಪೋರ್ಟ್ 4 ಒದ್ದೆ ರಸ್ತೆಯಲ್ಲಿ ಹಿಡಿತಕ್ಕೆ ಹೆಸರಾದದ್ದು, ನಿಮ್ಮ ಉಪಯೋಗಕ್ಕೆ ಒಪ್ಪುತ್ತದೆ. ಮೂಲ ಅಳತೆಯಲ್ಲೇ ಇರಬೇಕೆಂದರೆ ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6 ಸಮತೋಲದ ಆಯ್ಕೆ. ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರದ ಸಂಕೇತ ಸಂಖ್ಯೆ) ಮೂಲಕ್ಕಿಂತ ಕಡಿಮೆ ಇರಬಾರದು. 87 ಎಂದರೆ ಒಂದು ಟೈರಿಗೆ 545 ಕೆ.ಜಿ., 91 ಎಂದರೆ 615 ಕೆ.ಜಿ. ಹೊಸ ಟೈರುಗಳ ಆಮದನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಕೆಲವು ಅಳತೆಗಳು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಆದ್ದರಿಂದ ಮುಂಗಡ ಕೊಡುವ ಮೊದಲು ತಯಾರಿಕೆಯ ವಾರ ಮತ್ತು ಐಎಸ್‌ಐ ಗುರುತನ್ನು ಕಣ್ಣಾರೆ ನೋಡಿರಿ.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ. ನಮ್ಮ ಕಡೆಯ 40 ಡಿಗ್ರಿ ಬಿಸಿಲಿನಲ್ಲಿ ಓಡಿ ಬಂದ ಟೈರಿನ ಅಂಕಿ ನೋಡಿ ಗಾಳಿ ಬಿಡಿಸುವವರಿದ್ದಾರೆ. ಮರುದಿನ ಬೆಳಿಗ್ಗೆ ಅದೇ ಟೈರು ಬೇಕಾದ್ದಕ್ಕಿಂತ ಕಡಿಮೆ ಗಾಳಿಯಲ್ಲಿ ಹೊರಡುತ್ತದೆ.

ನವನಗರ (ಬಾಗಲಕೋಟೆ) ಅವರ ಉತ್ತರ:

ಕಾನೂನಿನ ಒಂದು ಮಾತು. ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಇಂಥ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಸವೆದ ಶಾಕ್ ಅಬ್ಸಾರ್ಬರನ್ನು ಅದೇ ಎತ್ತರದ್ದರಿಂದ ಬದಲಿಸುವುದನ್ನು ನಾನು ದುರಸ್ತಿ ಎಂದೇ ಭಾವಿಸುತ್ತೇನೆ. ಎತ್ತರ ಬದಲಾದರೆ, ಚಕ್ರ ಮಡ್‌ಗಾರ್ಡಿನಿಂದ ಹೊರಬಂದರೆ ಆ ಮಾತು ಹೇಳಲಾಗದು. ಟೈರಿನ ಅಳತೆ ಬದಲಿಸುವುದಾದರೂ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಡುವುದು ಲೇಸು.

ಕುಂದಾನಗರಿ ಜಿಟಿ:

ಎಲ್ಲರಿಗೂ ಧನ್ಯವಾದಗಳು. ಕಾಯಿಲ್‌ಓವರ್ ಮತ್ತು 17 ಇಂಚಿನ ಆಸೆ ಬಿಟ್ಟೆ. ಈ ತಿಂಗಳು ಮೂಲ ಅಳತೆಯ ನಾಲ್ಕು ಹೊಸ ಟೈರು, ದೀಪಾವಳಿಯ ಹೊತ್ತಿಗೆ ಶಾಕ್ ಅಬ್ಸಾರ್ಬರ್ ಎಂದು ಯೋಚಿಸಿದ್ದೇನೆ. ಶಾಕ್ ಅಬ್ಸಾರ್ಬರ್ ಬಿಚ್ಚುವಾಗ ಜೊತೆಯಲ್ಲೇ ಇನ್ನೇನನ್ನು ಬದಲಿಸಬೇಕು?

ಲೋಯರ್ ಆರ್ಮ್:

ಸ್ಟ್ರಟ್ಟಿನ ಮೇಲಿನ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು, ಇವನ್ನು ಕೇಳದೆಯೇ ಬದಲಿಸಿಬಿಡಿರಿ. ಅವುಗಳ ಬೆಲೆಗಿಂತ ಮತ್ತೆ ಬಿಚ್ಚುವ ಕೂಲಿಯೇ ಹೆಚ್ಚು. ಲಿಂಕ್ ರಾಡ್ (ಕಾರು ವಾಲುವುದನ್ನು ತಡೆಯುವ ಸರಳಿನ ಕೊಂಡಿ) ಮತ್ತು ಲೋಯರ್ ಆರ್ಮಿನ ರಬ್ಬರು ಬುಷ್‌ಗಳನ್ನು ಪರೀಕ್ಷಿಸಿ ನಿರ್ಧರಿಸಬಹುದು. ಬುಷ್ ಹೊಸದು ಹಾಕಿದರೆ ಒಂದು ವಿಷಯದಲ್ಲಿ ಪಟ್ಟು ಹಿಡಿಯಿರಿ: ಅದರ ಬೋಲ್ಟನ್ನು ಕೊನೆಯ ಬಾರಿ ಬಿಗಿಯುವುದು ಕಾರಿನ ಭಾರ ಚಕ್ರಗಳ ಮೇಲೆ ಇರುವಾಗಲೇ ಆಗಬೇಕು. ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಕಾರು ಕೆಳಗಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಟೈರು ಹಾಕಿಸಿದಾಗ ಒಮ್ಮೆ, ಶಾಕ್ ಅಬ್ಸಾರ್ಬರ್ ಕೆಲಸವಾದ ಮೇಲೆ ಇನ್ನೊಮ್ಮೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ ಮುದ್ರಿತ ಚೀಟಿಯನ್ನು ಕೇಳಿ ಪಡೆಯಿರಿ. ಈ ಕಾರಿನಲ್ಲಿ ಸುಲಭವಾಗಿ ಹೊಂದಿಸಲು ಬರುವುದು ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಮಾತ್ರ. ಹಿಂದಿನದು ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ), ಅದಕ್ಕೆ ಹೊಂದಾಣಿಕೆಯೇ ಇಲ್ಲ. ಚೀಟಿಯಲ್ಲಿ ಹಿಂದಿನ ಚಕ್ರದ ಅಂಕಿ ಕೆಂಪಾಗಿ ಬಂದರೆ ಹಿಂದೆ ಯಾವಾಗಲೋ ತಗ್ಗಿಗೆ ಬಿದ್ದು ಏನೋ ಬಾಗಿದೆ ಎಂದರ್ಥ, ಅದನ್ನು ಸರಿ ಮಾಡಿದ್ದೇವೆ ಎಂದು ಹೇಳಿ ಬಿಲ್ ಕೊಟ್ಟರೆ ಹಣ ಕೊಡುವ ಮೊದಲು ಎಲ್ಲಿ ತಿರುಗಿಸಿದಿರಿ ಎಂದು ತೋರಿಸಲು ಹೇಳಿರಿ.