ಸಹಾಯ ಬೇಕು: ಖಾಸಗಿ ಪೈಲಟ್‌ಗೆ ಯಾವ ಹಾರಾಟ ಯೋಜನೆಯ ತಂತ್ರಾಂಶ ಸೂಕ್ತ?

ಎಲ್ಲರಿಗೂ ನಮಸ್ಕಾರ. ಸೆಸ್ನಾ 172 ವಿಮಾನದಲ್ಲಿ ಹಗಲಿನ ವಿಎಫ್‌ಆರ್ (ಹೊರಗೆ ಕಣ್ಣಾರೆ ನೋಡಿಕೊಂಡು ಹಾರುವ ನಿಯಮಗಳ) ಹಾರಾಟಗಳನ್ನಷ್ಟೇ ನಡೆಸುವ ನನಗೆ, ಹಾರಾಟ ಯೋಜನೆಯ ತಂತ್ರಾಂಶವೊಂದನ್ನು ಆರಿಸಿಕೊಳ್ಳಲು ನಿಮ್ಮ ಸಲಹೆ ಬೇಕಾಗಿದೆ. ಫೋರ್‌ಫ್ಲೈಟ್ ಬಗ್ಗೆ ಒಳ್ಳೆಯ ಮಾತು ಕೇಳಿದ್ದೇನೆ. ಆದರೆ ಅದರ ಆ್ಯಪ್ ಇರುವುದು ಐಪ್ಯಾಡ್ ಮತ್ತು ಐಫೋನ್‌ಗಳಿಗೆ, ನನ್ನಲ್ಲಿರುವುದು ಆಂಡ್ರಾಯ್ಡ್ ಟ್ಯಾಬ್ಲೆಟ್. ಹೀಗಾಗಿ ಗಾರ್ಮಿನ್ ಪೈಲಟ್ ಮತ್ತು ಸ್ಕೈಡೆಮನ್ ನಡುವೆ ಮನಸ್ಸು ತೂಗಾಡುತ್ತಿದೆ.

ಈಗ ಬಳಸುತ್ತಿರುವ ಆ್ಯಪ್‌ನಲ್ಲಿ, 28 ದಿನಗಳಿಗೊಮ್ಮೆ ವೈಮಾನಿಕ ಮಾಹಿತಿಯನ್ನು ನವೀಕರಿಸುವ ಏರಾಕ್ ಚಕ್ರದ ಹೊಸ ದತ್ತಾಂಶವನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡಿದ್ದರೂ, ಮೇಲೇರಿ ನೆಟ್‌ವರ್ಕ್ ತಪ್ಪಿದ್ದೇ ತಡ, ನಕ್ಷೆಯಿರಬೇಕಾದ ಜಾಗದಲ್ಲಿ ಬರಿಯ ಬೂದು ಚೌಕಗಳು ಕಾಣಿಸಿಕೊಂಡವು. ತೊಡೆಯ ಮೇಲೆ ಕಾಗದದ ನಕ್ಷೆ ಇದ್ದುದರಿಂದ ದಾರಿ ತಪ್ಪಲಿಲ್ಲ. (ಕಾಗದ ಒಯ್ಯುವವರನ್ನು ಕಂಡು ನಗುವವರಿದ್ದಾರೆ, ನಗಲಿ.) ಆದ್ದರಿಂದ ಇಂಟರ್‌ನೆಟ್ ಇಲ್ಲದಾಗ ಈ ಎರಡರಲ್ಲಿ ಯಾವುದು ನೆಚ್ಚಬಹುದಾದದ್ದು ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಇಂಧನ ಖರ್ಚಾದಂತೆ ಗುರುತ್ವ ಕೇಂದ್ರವೂ ಸರಿಯುವುದರಿಂದ, ತೂಕ ಮತ್ತು ಸಮತೋಲನದ ಲೆಕ್ಕವನ್ನು ಟೇಕಾಫ್‌ಗೆ ಮಾತ್ರವಲ್ಲದೆ ಲ್ಯಾಂಡಿಂಗ್‌ಗೂ ತೋರಿಸುವ ತಂತ್ರಾಂಶ ನನಗೆ ಬೇಕು. ಮಾರ್ಗಕ್ಕೆ ಸಂಬಂಧಿಸಿದ ನೋಟಾಮ್‌ಗಳನ್ನಷ್ಟೇ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆಯ ಸೂಚನೆಗಳು) ಸೋಸಿ ಕೊಟ್ಟರೆ ಇನ್ನೂ ಅನುಕೂಲ. ಈ ಎರಡು ಆ್ಯಪ್‌ಗಳಲ್ಲಿ ಯಾವುದನ್ನಾದರೂ ಕನಿಷ್ಠ ಒಂದು ವರ್ಷ ಕಾಕ್‌ಪಿಟ್‌ನಲ್ಲೇ ಬಳಸಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸುವಿರಾ?