ವರ್ಷಗಳಿಂದ ಅದೇ ಡೋಸ್, ಈಗೇಕೆ ಈ ಆತಂಕ?

ಬೆಳ್ಳಿಚುಕ್ಕಿ:
ನನಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಚಂಚಲತೆಯ ತೊಂದರೆ, ಇದೆಯೆಂದು ಗೊತ್ತಾದದ್ದು ದೊಡ್ಡವಳಾದ ಮೇಲೆ. ಅಂದಿನಿಂದ ಹಲವು ವರ್ಷಗಳ ಕಾಲ ಮಿಥೈಲ್‌ಫೆನಿಡೇಟ್ ಮಾತ್ರೆಯನ್ನು ಮನೋವೈದ್ಯರು ಹೇಳಿದ ಪ್ರಮಾಣದಲ್ಲಿಯೇ, ಬೆಳಿಗ್ಗೆ ಒಂದು ಮತ್ತು ಮಧ್ಯಾಹ್ನ ಒಂದರಂತೆ, ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ಹಿಡಿದ ಕೆಲಸವನ್ನು ಮುಗಿಸುವ ಶಕ್ತಿ ನನಗೆ ಬಂದದ್ದು ಇದರಿಂದಲೇ. ಆದರೆ ಕೆಲವು ವಾರಗಳಿಂದ ಮಧ್ಯಾಹ್ನ ಕಳೆಯುತ್ತಿದ್ದಂತೆ ಎದೆ ಡವಗುಟ್ಟತೊಡಗುತ್ತದೆ, ಅಂಗೈ ಬೆವರುತ್ತದೆ, ಏನೋ ಕೆಟ್ಟದ್ದು ನಡೆಯಲಿದೆ ಎಂಬ ಭಯ ಆವರಿಸುತ್ತದೆ. ಡೋಸ್ ಬದಲಾಗಿಲ್ಲ, ಮಾತ್ರೆಯ ಕಂಪನಿಯೂ ಬದಲಾಗಿಲ್ಲ. ಇಷ್ಟು ವರ್ಷ ಒಗ್ಗಿಕೊಂಡಿದ್ದ ಔಷಧ ಈಗ ಇದ್ದಕ್ಕಿದ್ದಂತೆ ತಿರುಗಿಬೀಳಬಹುದೇ?

ನೇರನುಡಿ:
ಖಂಡಿತ ತಿರುಗಿಬೀಳಬಹುದು. ಮಿಥೈಲ್‌ಫೆನಿಡೇಟ್ ಒಂದು ಉತ್ತೇಜಕ ಔಷಧ; ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಮರುಹೀರಿಕೆಯಾಗದಂತೆ ಅದು ತಡೆಯುತ್ತದೆ. ನಾರ್‌ಅಡ್ರಿನಲಿನ್ ಏರಿದರೆ ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಸ್ವಲ್ಪ ಏರುತ್ತದೆ, ದೇಹ ಅಪಾಯವನ್ನು ಎದುರಿಸುವ ಸ್ಥಿತಿಗೆ ಬರುತ್ತದೆ. ಆತಂಕವೆಂದರೆ ದೇಹದ ಮಟ್ಟಿಗೆ ಇದೇ. ತೀವ್ರ ಆತಂಕ ಮತ್ತು ಉದ್ವೇಗ ಇರುವವರಿಗೆ ಈ ಔಷಧವನ್ನು ಕೊಡಬಾರದೆಂಬ ಎಚ್ಚರಿಕೆ ಅದರ ಮಾಹಿತಿ ಪತ್ರಗಳಲ್ಲಿ ಬಹುಕಾಲ ಇದ್ದದ್ದು ಸುಮ್ಮನೆ ಅಲ್ಲ. ಜೊತೆಗೆ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಔಷಧವನ್ನು 12 ತಿಂಗಳು ಸೇವಿಸಿದ ವಯಸ್ಕರ ಮಿದುಳಿನ ಕೆಲವು ಭಾಗಗಳಲ್ಲಿ ಡೋಪಮೈನನ್ನು ಮರಳಿ ಹೀರುವ ಸಾಗಣೆ ಪ್ರೋಟೀನಿನ ಪ್ರಮಾಣ ಸುಮಾರು 24% ಹೆಚ್ಚಿರುವುದು ಕಂಡುಬಂದಿತ್ತು. ಅಂದರೆ ಮಿದುಳು ಔಷಧಕ್ಕೆ ಎದುರಾಗಿ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಔಷಧದ ಪ್ರಭಾವ ಇಳಿದ ಹೊತ್ತಿನಲ್ಲಿ ಮನಸ್ಸು ಮೊದಲಿಗಿಂತ ಕೆಳಕ್ಕೆ ಕುಸಿಯುತ್ತದೆ. ವೈದ್ಯರೊಂದಿಗೆ ಮಾತನಾಡಿ ಅದನ್ನು ಬಿಡುವ ದಾರಿ ಹುಡುಕಿಕೊಳ್ಳುವುದು ಒಳ್ಳೆಯದು.

ಸ್ಥಿರಚಿತ್ತ:
ನೇರನುಡಿ ಅವರೇ, ನೀವು ಹೇಳಿದ ಅಧ್ಯಯನ ನಡೆದದ್ದು 18 ಜನರ ಮೇಲೆ, ಮತ್ತು ಅದು ಅಳೆದದ್ದು ಸಾಗಣೆ ಪ್ರೋಟೀನನ್ನು. ಆತಂಕ ಹೆಚ್ಚುತ್ತದೆ ಎಂಬುದನ್ನು ಅದು ತೋರಿಸಿಲ್ಲ. ಅಷ್ಟರಿಂದ ಒಬ್ಬರ ಮಧ್ಯಾಹ್ನದ ಎದೆಬಡಿತಕ್ಕೆ ಕಾರಣ ಹೇಳುವುದು ದೂರದ ಮಾತಾಯಿತು. ಇನ್ನೊಂದು ಬದಿಯನ್ನೂ ನೋಡಬೇಕು: ಎಡಿಎಚ್‌ಡಿ ಇರುವ ಮಕ್ಕಳ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಉತ್ತೇಜಕ ಔಷಧ ಪಡೆದವರಲ್ಲಿ ಆತಂಕದ ಸಾಧ್ಯತೆ ಹುಸಿ ಮಾತ್ರೆ ಪಡೆದವರಿಗಿಂತ ಕಡಿಮೆಯಿತ್ತು. ಮಕ್ಕಳ ಫಲಿತಾಂಶ ವಯಸ್ಕರಿಗೆ ಹಾಗೆಯೇ ಅನ್ವಯಿಸುತ್ತದೆ ಎನ್ನುವುದಿಲ್ಲ. ಆದರೂ ಉತ್ತೇಜಕವೆಂದರೆ ಆತಂಕವೇ ಎಂಬ ಸಮೀಕರಣ ನಿಲ್ಲುವುದಿಲ್ಲ ಎಂಬುದಕ್ಕೆ ಅಷ್ಟು ಸಾಕು. ನಾನೂ ಬಹುಕಾಲದಿಂದ ಇದೇ ಚಿಕಿತ್ಸೆಯಲ್ಲಿದ್ದೇನೆ. ಮರೆತ ಕೆಲಸ, ತಪ್ಪಿದ ಗಡುವು, ಅದಕ್ಕಾಗಿ ಕೇಳಬೇಕಾದ ಮಾತು, ಇವು ತರುತ್ತಿದ್ದ ಆತಂಕವನ್ನು ಔಷಧವೇ ತಗ್ಗಿಸಿದ್ದನ್ನು ಕಂಡಿದ್ದೇನೆ.

ಬೆಳ್ಳಿಚುಕ್ಕಿ ಅವರೇ, ನನಗೆ ಮುಖ್ಯವೆನಿಸುವುದು ಸಮಯ. ಸಾಮಾನ್ಯ ಮಾತ್ರೆಯ ಪ್ರಭಾವ 3ರಿಂದ 4 ಗಂಟೆ ಇರುತ್ತದೆ. ಮಾತ್ರೆ ನುಂಗಿ ಒಂದೆರಡು ಗಂಟೆಯಲ್ಲಿ, ಅಂದರೆ ಪ್ರಭಾವ ಉತ್ತುಂಗದಲ್ಲಿದ್ದಾಗ ಭಯ ಬರುತ್ತದೆಯೋ, ಅಥವಾ ಪ್ರಭಾವ ಇಳಿಯುವಾಗ ಬರುತ್ತದೆಯೋ? ಮೊದಲನೆಯದಾದರೆ ಡೋಸ್ ಬಗ್ಗೆ ಪ್ರಶ್ನೆ ಏಳುತ್ತದೆ. ಎರಡನೆಯದಾದರೆ ಅದು ಇಳಿತದ ಹೊಯ್ದಾಟ. ಅದಕ್ಕೆ ವೈದ್ಯರು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಯೋಚಿಸಬಹುದು. ಎರಡಕ್ಕೂ ಹೊಂದದಿದ್ದರೆ ಕಾರಣವನ್ನು ಮಾತ್ರೆಯ ಹೊರಗೆ ಹುಡುಕಬೇಕಾಗುತ್ತದೆ.

ಹೊಂಗಿರಣ:
ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಇದೇ ಲಕ್ಷಣಗಳು ಬರುತ್ತವೆ: ಎದೆಬಡಿತ, ಬೆವರು, ಕೈನಡುಕ, ಕಾರಣವಿಲ್ಲದ ಕಳವಳ. ಉತ್ತೇಜಕ ತೆಗೆದುಕೊಳ್ಳುವವರಲ್ಲಿ ಇವೆಲ್ಲವನ್ನೂ ಔಷಧದ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ, ಆದ್ದರಿಂದಲೇ ಕೇಳುತ್ತಿದ್ದೇನೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ವಿಷಯವಿದು. ಮೂಗು ಕಟ್ಟಿದ್ದಕ್ಕೆಂದು ಸೂಡೋಎಫೆಡ್ರಿನ್ ಇರುವ ಮಾತ್ರೆಯನ್ನೋ, ಉಬ್ಬಸಕ್ಕೆ ಸಾಲ್ಬುಟಮಾಲ್ ಅನ್ನೋ ಇತ್ತೀಚೆಗೆ ಆರಂಭಿಸಿದ್ದರೆ ಅದನ್ನೂ ತಿಳಿಸಿ.

ಬೆಳ್ಳಿಚುಕ್ಕಿ:
ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ಸರಿಯಾಗಿಯೇ ಇದೆ. ಬೇರೆ ಔಷಧ ಯಾವುದೂ ಇಲ್ಲ. ಸ್ಥಿರಚಿತ್ತ ಅವರು ಕೇಳಿದ ಸಮಯದ ವಿಷಯ: ಕಳೆದ ವಾರವಿಡೀ ಬರೆದಿಟ್ಟುಕೊಂಡೆ. ಭಯ ಮಾತ್ರೆಯ ಗಡಿಯಾರವನ್ನು ಅನುಸರಿಸುತ್ತಿಲ್ಲ. ರಜೆಯ ದಿನ ಮಧ್ಯಾಹ್ನದ ಮಾತ್ರೆಯನ್ನು ವೈದ್ಯರ ಅನುಮತಿಯಿಂದ ನಾನು ಬಿಡುವುದುಂಟು. ಆ ದಿನವೂ ಭಯ ಬಂದಿತ್ತು. ಬದಲಾದದ್ದು ಒಂದೇ, ಅದೂ ಒಳ್ಳೆಯದಕ್ಕೆ: ಎರಡು ತಿಂಗಳ ಹಿಂದೆ ಸಿಗರೇಟು ಬಿಟ್ಟೆ. ಆರಂಭದ ಚಡಪಡಿಕೆ ನಿಕೋಟಿನ್ ಬಿಟ್ಟದ್ದರಿಂದ ಎಂದು ತಿಳಿದುಕೊಂಡಿದ್ದೆ, ಆದರೆ ಅದು ಕಡಿಮೆಯಾಗುವ ಬದಲು ಈ ರೂಪಕ್ಕೆ ಬಂದಿದೆ.

ಔಷಧಶಾಲೆ:
ನಾನು ಫಾರ್ಮಸಿಸ್ಟ್, ವೈದ್ಯನಲ್ಲ; ಅದನ್ನು ನೆನಪಿನಲ್ಲಿಟ್ಟುಕೊಂಡು ಓದಿ. ಬೆಳ್ಳಿಚುಕ್ಕಿ ಅವರೇ, ನೀವು ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ? ಇಷ್ಟು ಹೊತ್ತಿನ ಚರ್ಚೆಯಲ್ಲಿ ಯಾರೂ ಅದನ್ನು ಕೇಳಿಲ್ಲ, ಆದರೆ ಕೆಫೀನ್ ಕೂಡ ಉತ್ತೇಜಕವೇ. ಅದು ದಣಿವಿನ ಸಂಕೇತ ಕೊಡುವ ಅಡೆನೊಸಿನ್‌ನ ಗ್ರಾಹಕಗಳನ್ನು ಅಡ್ಡಗಟ್ಟಿ ಎಚ್ಚರವನ್ನು ಉಳಿಸುತ್ತದೆ.

ಸಿಗರೇಟು ಬಿಟ್ಟದ್ದಕ್ಕೂ ಕಾಫಿಗೂ ಸಂಬಂಧವಿದೆ. ಕೆಫೀನನ್ನು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವ ಒಡೆಯುತ್ತದೆ, ಮತ್ತು ತಂಬಾಕಿನ ಹೊಗೆಯಲ್ಲಿರುವ ಹೈಡ್ರೋಕಾರ್ಬನ್‌ಗಳು ಆ ಕಿಣ್ವವನ್ನು ಚುರುಕುಗೊಳಿಸುತ್ತವೆ. ಆದ್ದರಿಂದ ಸಿಗರೇಟು ಸೇದುವವರ ದೇಹ ಕೆಫೀನನ್ನು ಬೇಗ ಹೊರಹಾಕುತ್ತದೆ. ಸೇದುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆ ಚುರುಕು ಹೋಗುತ್ತದೆ, ಮತ್ತು ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಪ್ರಮಾಣ ಎರಡು ಪಟ್ಟು, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಆಗಬಹುದು. ಇದು ಹೊಗೆಯ ಗುಣ, ನಿಕೋಟಿನ್‌ನದಲ್ಲ. ಹಾಗಾಗಿ ನಿಕೋಟಿನ್ ಪಟ್ಟಿ ಅಂಟಿಸಿಕೊಂಡು ಸಿಗರೇಟು ಬಿಟ್ಟವರಿಗೂ ಇದು ತಪ್ಪುವುದಿಲ್ಲ. ಮಿಥೈಲ್‌ಫೆನಿಡೇಟ್ ಒಡೆಯುವುದು ಬೇರೊಂದು ಕಿಣ್ವದಿಂದ. ಹಾಗಾಗಿ ನಿಮ್ಮ ಮಾತ್ರೆಯ ಮಟ್ಟ ಇದ್ದ ಹಾಗೇ ಇದ್ದು, ಅದರ ಪಕ್ಕದಲ್ಲಿದ್ದ ಎರಡನೆಯ ಉತ್ತೇಜಕದ ಮಟ್ಟ ಮಾತ್ರ ನಿಮಗೆ ತಿಳಿಯದಂತೆ ಏರಿರುವ ಸಾಧ್ಯತೆಯಿದೆ.

ಇಲ್ಲಿ ಮೊದಲ ಪ್ರಶ್ನೆಗೆ ಮರಳುತ್ತೇನೆ. ವರ್ಷಗಟ್ಟಲೆ ಒಗ್ಗಿದ ಡೋಸ್ ಎನ್ನುವಾಗ, ಆ ಡೋಸನ್ನು ಸ್ವೀಕರಿಸುವ ದೇಹವೂ ಅದೇ ಎಂದು ನಾವು ಭಾವಿಸಿಬಿಡುತ್ತೇವೆ. ಆದರೆ ಕೆಫೀನ್ ಅರ್ಧಕ್ಕೆ ಇಳಿಯುವ ಅವಧಿ ಸರಾಸರಿ 5 ಗಂಟೆಯಾದರೂ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಇನ್ನೂ ಉದ್ದವಾಗುತ್ತದೆ. ಫ್ಲುವೊಕ್ಸಮೈನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಗಳು ಅದೇ ಕಿಣ್ವವನ್ನು ತಡೆದು ಕೆಫೀನನ್ನು ದೇಹದಲ್ಲೇ ಉಳಿಸುತ್ತವೆ. ಲೋಟ ಅದೇ ಆದರೂ ದೇಹಕ್ಕೆ ಅದು ಬೇರೆಯದೇ ಪ್ರಮಾಣ.

ಬೆಳ್ಳಿಚುಕ್ಕಿ:
ದಿನಕ್ಕೆ ನಾಲ್ಕೈದು ಲೋಟ, ಅದೂ ಗಟ್ಟಿ ಕಾಫಿ, ಕೊನೆಯದು ಸಂಜೆ. ಕಾಲೇಜಿನ ದಿನಗಳಿಂದಲೂ ಹೀಗೆಯೇ ಇರುವುದರಿಂದ ಅದನ್ನು ಎಣಿಸುವ ಯೋಚನೆಯೇ ಬಂದಿರಲಿಲ್ಲ. ನನ್ನ ವೈದ್ಯರೂ ಸಿಗರೇಟಿನ ಬಗ್ಗೆ ಕೇಳಿದ್ದರೇ ಹೊರತು ಕಾಫಿಯ ಬಗ್ಗೆ ಕೇಳಿರಲಿಲ್ಲ.

ನೇರನುಡಿ:
ಔಷಧಶಾಲೆ ಅವರ ವಿವರಣೆ ಚೆನ್ನಾಗಿದೆ, ಆದರೆ ಒಂದು ತೊಡಕಿದೆ. ಕಿಣ್ವ ಕೆಲವೇ ದಿನಗಳಲ್ಲಿ ನಿಧಾನವಾಗುವುದಾದರೆ ಭಯವೂ ಆಗಲೇ ಪೂರ್ಣ ರೂಪದಲ್ಲಿ ಬರಬೇಕಿತ್ತಲ್ಲವೇ? ವಾರಗಳು ಕಳೆದ ಮೇಲೆ ಹೆಚ್ಚಾದದ್ದೇಕೆ? ಅಲ್ಲದೆ, ಕಾಫಿಯನ್ನು ಅಪರಾಧಿಯಾಗಿಸಿ ಮಾತ್ರೆಯನ್ನು ಪೂರ್ತಿ ಬಿಡುಗಡೆ ಮಾಡುವುದೂ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಎರಡೂ ಒಂದೇ ಎದೆಯನ್ನು ಬಡಿಸುತ್ತಿವೆ.

ಔಷಧಶಾಲೆ:
ನಿಮ್ಮ ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ: ಎರಡರ ಪರಿಣಾಮಗಳು ಒಂದರ ಮೇಲೊಂದು ಸೇರುತ್ತವೆ, ಮಾತ್ರೆ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಮೊದಲನೆಯದಕ್ಕೆ ನನ್ನ ಉತ್ತರ ನಿದ್ರೆ. ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ರೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದನ್ನು 2013ರ ಇನ್ನೊಂದು ಅಧ್ಯಯನ ದಾಖಲಿಸಿದೆ. ಸಂಜೆಯ ಕಾಫಿ ಈಗ ರಾತ್ರಿಯಿಡೀ ರಕ್ತದಲ್ಲಿ ಉಳಿಯುತ್ತಿದ್ದರೆ ಪ್ರತಿ ರಾತ್ರಿಯೂ ಸ್ವಲ್ಪ ಸ್ವಲ್ಪ ನಿದ್ರೆ ಕರಗುತ್ತದೆ, ನಿದ್ರೆಗೆಟ್ಟ ಮನಸ್ಸಿಗೆ ಆತಂಕ ಸುಲಭವಾಗಿ ಹತ್ತುತ್ತದೆ, ಮರುದಿನದ ದಣಿವನ್ನು ನೀಗಲು ಮತ್ತೊಂದು ಲೋಟ ಏರುತ್ತದೆ. ಈ ಸುತ್ತು ಬಲಿಯಲು ವಾರಗಳು ಬೇಕು. ನಿಕೋಟಿನ್ ಬಿಟ್ಟ ಚಡಪಡಿಕೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ; ಮೊದಲ ವಾರದಲ್ಲಿ ಹೆಚ್ಚಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುವುದು ಸಾಮಾನ್ಯ. ಬೆಳ್ಳಿಚುಕ್ಕಿ ಅವರದು ಏರುತ್ತಾ ಹೋಗಿರುವುದರಿಂದ ನನ್ನ ಅನುಮಾನ ಕಾಫಿಯತ್ತಲೇ ಇದೆ. ಇದು ಅನುಮಾನವೇ, ತೀರ್ಮಾನ ವೈದ್ಯರದು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಒಂದು ಸಲಕ್ಕೆ 200 ಮಿಲಿಗ್ರಾಂ ಮೀರದ ಕೆಫೀನ್ ಸುರಕ್ಷಿತವೆಂದು ಹೇಳಿತು. ಇನ್ನೊಂದು ಉತ್ತೇಜಕವನ್ನು ದಿನವೂ ತೆಗೆದುಕೊಳ್ಳುವವರು ಆ ಅಂಕಿಯನ್ನು ತಮ್ಮ ಮಿತಿಯೆಂದು ಭಾವಿಸಬಾರದು.

ಹೊಂಗಿರಣ:
ಒಂದು ಎಚ್ಚರಿಕೆ ಸೇರಿಸಿಬಿಡುತ್ತೇನೆ. ಎದೆನೋವು, ತಲೆಸುತ್ತಿ ಬೀಳುವುದು, ಬಡಿತ ಲಯ ತಪ್ಪುವುದು ಕಂಡರೆ ಇಲ್ಲಿಯ ಯಾವ ವಿವರಣೆಗೂ ಕಾಯದೆ ಆಸ್ಪತ್ರೆಗೆ ಹೋಗಿ. ಮತ್ತು ದಯವಿಟ್ಟು ಕಾಫಿ ಕುಡಿಯುವ ಸಲುವಾಗಿ ಮರಳಿ ಸಿಗರೇಟಿಗೆ ಕೈ ಹಾಕಬೇಡಿ. ನೀವು ಬಿಟ್ಟದ್ದು ದೊಡ್ಡ ಸಾಧನೆ.

ಸ್ಥಿರಚಿತ್ತ:
ಮನೋವೈದ್ಯರ ಬಳಿ ಹೋಗುವಾಗ ಮಾತ್ರೆ, ಕಾಫಿ, ನಿದ್ರೆ, ಭಯ ಇವುಗಳ ಹೊತ್ತನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ, ಸಿಗರೇಟು ಬಿಟ್ಟ ದಿನಾಂಕವನ್ನೂ ಹಾಕಿ. ಆತಂಕವೆಂದ ಕೂಡಲೇ ಅದಕ್ಕೊಂದು ಹೊಸ ಮಾತ್ರೆ ಸೇರಿದರೆ ಯಾವುದು ಯಾವುದರಿಂದ ಎಂಬುದು ಇನ್ನಷ್ಟು ಮಸುಕಾಗುತ್ತದೆ ಎಂಬ ಅಳುಕು ನನ್ನದು. ನೇರನುಡಿ ಅವರು ಹೇಳುವಂತೆ ಡೋಸ್ ಇಳಿಸಿ ನೋಡುವುದೂ ಒಂದು ದಾರಿ ಇರಬಹುದು, ಆದರೆ ಕಾಫಿ ಮತ್ತು ಡೋಸ್ ಎರಡನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ನೇರನುಡಿ:
ಅದಕ್ಕೆ ನನ್ನ ವಿರೋಧವಿಲ್ಲ. ಕಾಫಿ ಇಳಿಸಿ, ನಿದ್ರೆ ಸರಿಯಾದ ಮೇಲೂ ಭಯ ಉಳಿದರೆ, ಈ ಮಾತ್ರೆ ನಿಮಗೆ ಇನ್ನೂ ಬೇಕೇ ಎಂಬ ಪ್ರಶ್ನೆಯನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಇಡಿ. ವರ್ಷಗಳಿಂದ ನಡೆದುಬಂದಿದೆ ಎಂಬ ಒಂದೇ ಕಾರಣಕ್ಕೆ ಯಾವ ಔಷಧವೂ ಮುಂದುವರಿಯಬಾರದು.

ಔಷಧಶಾಲೆ:
ಕಾಫಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ 12ರಿಂದ 24 ಗಂಟೆಗಳಲ್ಲಿ ತಲೆನೋವು, ದಣಿವು, ಸಿಡುಕು ಆರಂಭವಾಗಿ ಒಂದು ವಾರದವರೆಗೂ ಇರಬಹುದು. ಮೊದಲು ಸಂಜೆಯ ಲೋಟವನ್ನು ಬಿಡಿ, ಕೆಲವು ದಿನ ಬಿಟ್ಟು ಮಧ್ಯಾಹ್ನದ್ದನ್ನು ಅರ್ಧ ಮಾಡಿ. ಆ ದಿನಗಳಲ್ಲಿ ತಲೆನೋವು ಬಂದರೆ ನಿಮ್ಮ ಹಾಳೆಯಲ್ಲಿ ಅದನ್ನು ಕಾಫಿಯ ಸಾಲಿನಲ್ಲೇ ಬರೆಯಿರಿ, ಮಾತ್ರೆಯ ಸಾಲಿಗೆ ಸೇರಿಸಬೇಡಿ.