‘ಇನ್ ಟೂ ಡೇಸ್’ ಅಂದರೆ ಎರಡು ದಿನದ ಒಳಗಾ, ಆಮೇಲಾ?

ಸುಮಾ_ಶಿರಸಿ: ಸೋಮವಾರ ಅಮೆರಿಕದ ಕ್ಲೈಂಟ್‌ಗೆ ‘ಐ ವಿಲ್ ಸೆಂಡ್ ದ ಫೈಲ್ ಇನ್ ಟೂ ಡೇಸ್’ ಎಂದು ಮೇಲ್ ಬರೆದೆ. ಟೀಮ್ ಲೀಡ್ ಅದನ್ನು ‘ಆಫ್ಟರ್ ಟೂ ಡೇಸ್’ ಎಂದು ತಿದ್ದಿದರು. ಯಾವುದು ಸರಿ?

ಬೆಂಚ್_ಮೇಷ್ಟ್ರು: ನಿಮ್ಮದೇ ಸರಿ. ಈಗಿನಿಂದ ಮುಂದಕ್ಕೆ ಲೆಕ್ಕ ಹಾಕುವಾಗ ಇನ್. ಓದಿದವರು ಬುಧವಾರ ಫೈಲ್ ಬರುತ್ತದೆ ಅಂದುಕೊಳ್ಳುತ್ತಾರೆ. ಆಫ್ಟರ್ ಅಂದರೆ ಬುಧವಾರ ಕಳೆದ ಮೇಲೆ ಯಾವತ್ತಾದರೂ ಅನ್ನೋ ಹಾಗಾಗುತ್ತದೆ. ನಡೆದುಹೋದದ್ದನ್ನು ಹೇಳುವಾಗ ಅದು ಸಲೀಸು: ‘ಹೀ ಕೇಮ್ ಬ್ಯಾಕ್ ಆಫ್ಟರ್ ಟೂ ಡೇಸ್’.

ಗಡಿಬಿಡಿ_ಗಣಪ: ತಡೀರಿ ಮೇಷ್ಟ್ರೇ. ‘ಐ ವಿಲ್ ರೈಟ್ ದ ರಿಪೋರ್ಟ್ ಇನ್ ಟೂ ಡೇಸ್’ ಅಂದರೆ? ಬರೆಯೋಕೆ ಎರಡು ದಿನ ಹಿಡಿಯುತ್ತದೆ ಅಂತಲೂ ಆಗುತ್ತದಲ್ವಾ? ಶುರು ಮಾಡೋದು ಯಾವಾಗಲೋ ದೇವರಿಗೇ ಗೊತ್ತು!

ಬೆಂಚ್_ಮೇಷ್ಟ್ರು: ಒಪ್ಪಿದೆ, ಕೆಲಸ ಯಾವುದು ಅಂತ ನೋಡಬೇಕು. ಅರೈವ್, ಲೀವ್ ಇದ್ದರೆ ಗೊಂದಲವಿಲ್ಲ. ರೈಟ್, ಬಿಲ್ಡ್ ಬಂದರೆ ಎರಡು ಅರ್ಥ. ಬ್ರಿಟನ್ನಿನವರು ‘ಇನ್ ಟೂ ಡೇಸ್ ಟೈಮ್’ ಅನ್ನುತ್ತಾರೆ. ಅದಕ್ಕೆ ಇವತ್ತಿಗೆ ಎರಡು ದಿನಕ್ಕೆ ಅನ್ನೋದೊಂದೇ ಅರ್ಥ. ಒಳಗೇ ಮುಗಿಸ್ತೀರಾದರೆ ವಿದಿನ್ ಹಾಕಿ.

ದೋಹಾ_ಕನ್ನಡಿಗ: ಸುಮ್ನೆ ಯಾಕೆ ತಲೆನೋವು? ‘ಬೈ ವೆನ್ಸ್‌ಡೇ’ ಅಂದುಬಿಡಿ. ಆದರೆ ದಯವಿಟ್ಟು ಟಿಲ್ ಬೇಡ. ‘ಐ ವಿಲ್ ಸೆಂಡ್ ಇಟ್ ಟಿಲ್ ಫ್ರೈಡೇ’ ಅಂದರೆ ಶುಕ್ರವಾರದವರೆಗೂ ಕಳಿಸ್ತಾನೇ ಇರ್ತೀನಿ ಅಂದ ಹಾಗೆ. ಹಿಂದಿಯವರು ಹೀಗೆ ತಪ್ಪಿದರೆ ಅರ್ಥವಿದೆ, ಅವರಿಗೆ ಎರಡಕ್ಕೂ ‘ತಕ್’ ನಡೆಯುತ್ತದೆ. ನಮ್ಮಲ್ಲಿ ಶುಕ್ರವಾರದೊಳಗೆ ಬೇರೆ, ಶುಕ್ರವಾರದವರೆಗೆ ಬೇರೆ. ಆದರೂ ನಮ್ಮವರೇ ಜಾಸ್ತಿ ತುರುಕುತ್ತಾರೆ!

ಗಡಿಬಿಡಿ_ಗಣಪ: ಬೈ ವೆನ್ಸ್‌ಡೇ ಅಂದರೆ ಯಾರ ಬುಧವಾರ ಸ್ವಾಮಿ? ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ನಮ್ಮ ಬುಧವಾರ ಮುಗಿದಾಗ ಅಲ್ಲಿ ಮಧ್ಯಾಹ್ನ.

ಸುಮಾ_ಶಿರಸಿ: ಹಾಗಾದರೆ ‘ಬೈ ಫೈವ್ ಪಿಎಂ ಐಎಸ್‌ಟಿ ಆನ್ ವೆನ್ಸ್‌ಡೇ’ ಎಂದು ಹಾಕ್ತೀನಿ. ‘ಆನ್ ನೆಕ್ಸ್ಟ್ ಮಂಡೇ’ ನಡೆಯುತ್ತಾ?

ಬೆಂಚ್_ಮೇಷ್ಟ್ರು: ಇಲ್ಲ. ನೆಕ್ಸ್ಟ್, ದಿಸ್, ಟುಮಾರೋ ಇದ್ದಲ್ಲಿ ಆನ್ ಬೇಡವೇ ಬೇಡ.

ದೋಹಾ_ಕನ್ನಡಿಗ: ನೆಕ್ಸ್ಟ್ ಕೂಡ ಬೇಡ ಮೇಷ್ಟ್ರೇ. ಶನಿವಾರ ಕೂತು ‘ನೆಕ್ಸ್ಟ್ ಮಂಡೇ’ ಅಂದರೆ ನಾಡಿದ್ದೋ, ಅದರ ಮುಂದಿನ ವಾರವೋ? ಇಂಗ್ಲಿಷ್ ಮನೆಮಾತಾದವರೇ ಕಿತ್ತಾಡುತ್ತಾರೆ. ತಾರೀಖು ಬರೆಯಿರಿ.

ಗಡಿಬಿಡಿ_ಗಣಪ: ತಾರೀಖಾ! ಅಮೆರಿಕದವರು ತಿಂಗಳು ಮೊದಲು ಬರೀತಾರೆ. 5/6 ನೋಡಿ ಮೇ 6ಕ್ಕೇ ಫೈಲ್ ಕೇಳಿದರೆ?